ಹೊಸ ದಾರಿಯ ಬೆಂಚುಗಳು

"ಯಾವ ದಾರಿ ಅಂದ್ರಿ?" ಕೆಟ್ಟ ಜಿಪ್ಪಿನ ಹೊಲಿಗೆ ಬಿಚ್ಚುತ್ತಿದ್ದವಳು ತಲೆಯೆತ್ತಿ ಮತ್ತೆ ಕೇಳಿದಳು.

ಬೆನ್ನುಚೀಲ ರಿಪೇರಿಗೆ ತಂದಿದ್ದ ಟೀಚರಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ರಜೆ ಕಳೆಯಲು ಬಂದವಳು, ಮಾತಿಗೆ ಬರವಿಲ್ಲ. ಅದೇ, ದೀಪಸ್ತಂಭದಾಚೆ ಕಡಲಂಚಿನಲ್ಲಿ ಹೊಸದಾಗಿ ಅರ್ಧ ತೆರೆದಿದ್ದಾರಲ್ಲ, ಆ ದಾರಿ ಅಂದಳು. ಶುರುವಿನಲ್ಲೇ ಹಸಿರು ಫಲಕ, 'ಸುಲಭ' ಅಂತ ದಪ್ಪಕ್ಷರದಲ್ಲಿ ಬರೆದಿದೆ, ಈ ಮಂಡಿ ಇಟ್ಟುಕೊಂಡೂ ಹಾಡು ಗುನುಗುತ್ತ ಹೋಗಿಬಂದೆ, ಎಲ್ಲಿ ನೋಡಿದರೂ ಬೆಂಚು, ಯಾರು ಮಾಡಿದರೋ ಅವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಮಾಡಿದವನು ಜಿಪ್ಪು ಬಿಚ್ಚುತ್ತಿದ್ದವಳ ಗಂಡ. ಅದನ್ನು ಹೇಳಿಕೊಳ್ಳುವ ಹುಮ್ಮಸ್ಸು ಅವಳಿಗೆ ಬರಲಿಲ್ಲ. ಪಕ್ಕದ ಮಷೀನಿನಲ್ಲಿ ಪರದೆ ಹೊಲಿಯುತ್ತಿದ್ದ ತಂಗಿ ಕಾಲು ನಿಲ್ಲಿಸಿ ಇತ್ತ ನೋಡಿದ್ದು ಕಣ್ಣಂಚಿಗೆ ಬಿತ್ತು. ಆ ದಾರಿ ಬಲು ಕಡಿದು, ನಿನ್ನ ಕೈಲಾಗಲ್ಲ, ಬರಬೇಡ ಅಂತ ಗಂಡ ಹೇಳಿದ್ದ. ಅದನ್ನು ಅವಳೇ ತಂಗಿಗೆ ಹೇಳಿದ್ದಳು.

ಮದುವೆಯಾದಂದಿನಿಂದ ಅವನು ಹಾಗೆ ಹೇಳಿದ್ದು ಇದೇ ಮೊದಲು. ಕಾಲುದಾರಿ ಇಲಾಖೆಯಲ್ಲಿ ಅವನ ಕೆಲಸವೆಂದರೆ ಗುಡ್ಡದಿಂದ ಗುಡ್ಡಕ್ಕೆ ದಾರಿ ಹುಡುಕಿ, ಮೆಟ್ಟಿಲು ಕೂರಿಸಿ, ಅದು ಸುಲಭವೋ ಕಷ್ಟವೋ ಎಂದು ಫಲಕ ಹಾಕುವುದು. ಏರಿಳಿತ ಅಳೆಯಲು ಆಫೀಸಿನಲ್ಲಿ ಯಂತ್ರವಿತ್ತು. ಅವನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಯಂತ್ರಕ್ಕೆ ಏದುಸಿರು ಬರುತ್ತಾ ಎನ್ನುತ್ತಿದ್ದ. ಹೊಸ ದಾರಿ ತಯಾರಾದಾಗೆಲ್ಲ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ದಿನವಿಡೀ ಮಷೀನಿನ ಮುಂದೆ ಕೂರುವ, ಗಿಡ್ಡಗೆ ಗುಂಡಗಿರುವ ಅವಳು ಎಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೋ ಅಲ್ಲೊಂದು ಗೂಟ ಹೊಡೆಯುವನು. ಮುಂದೆ ಅಲ್ಲಿ ಒಂದು ಬೆಂಚು ಬರುವುದು. ಅವಳು ಬೈಯದೆ ಕೊನೆ ಮುಟ್ಟಿದರೆ ಹಸಿರು ಫಲಕ. ಬೈದರೆ ಹಳದಿ. ಸಂಜೆಯವರೆಗೂ ಮಾತು ಬಿಟ್ಟರೆ ಕೆಂಪು. ಫಲಕಕ್ಕೆ ಬಣ್ಣ ಹಚ್ಚುವವನು ಅವಳನ್ನು ಕರೆಯುತ್ತಿದ್ದುದೇ ಅಳತೆಗೋಲಕ್ಕ ಎಂದು. ಅವಳಿಗೆ ಒಳಗೊಳಗೇ ಖುಷಿ. ಎಲ್ಲೆಲ್ಲಿಂದಲೋ ಬಂದ ಜನ ತನ್ನ ಉಸಿರು ಕಟ್ಟಿದ ಜಾಗದಲ್ಲಿ ಕೂತು ಕಡಲು ನೋಡುತ್ತಾರಲ್ಲ ಎಂದು.

ಟೀಚರಮ್ಮ ಚೀಲ ಹೊತ್ತು ಹೊರಟ ಮೇಲೆ ತಂಗಿ ದಾರ ಕಚ್ಚಿ ಹರಿದಳು. "ಬೇರೆ ಅಳತೆಗೋಲು ಸಿಕ್ಕಿದೆ ಭಾವಂಗೆ."

"ನಿನ್ನ ಬಾಯಿಗೂ ಒಂದು ಜಿಪ್ಪು ಹಾಕಿಬಿಡ್ತೀನಿ ನೋಡು."

"ಹಾಕು. ಆಮೇಲೆ ಭಾವನ ಪ್ಯಾಂಟು ಯಾಕೆ ಸಡಿಲ ಆಯ್ತು ಅಂತ ನೀನೇ ಯೋಚನೆ ಮಾಡು, ಕೂತ್ಕೊಂಡು."

ಯೋಚನೆಗೆ ಅದೊಂದೇ ಸಾಕಾಗಿತ್ತು. ಈ ಕೆಲವು ತಿಂಗಳಲ್ಲಿ ಎರಡು ಸಲ ಅವನ ಪ್ಯಾಂಟಿನ ಸೊಂಟ ಬಿಗಿ ಮಾಡಿ ಹೊಲಿದುಕೊಟ್ಟಿದ್ದಳು. ಈ ವಯಸ್ಸಿಗೆ ಸಪೂರ ಆಗೋದು ಒಳ್ಳೆಯದೇ ಎಂದು ಹೊಗಳಿಯೂ ಇದ್ದಳು. ಈಗ ಅನ್ನಿಸಿತು, ಯಾವಳಿಗೋ ಒಪ್ಪುವ ಹಾಗೆ ತಾನೇ ಕೈಯಾರೆ ಕತ್ತರಿಸಿ ಕೊಟ್ಟೆನಲ್ಲ ಎಂದು. ಒಂದರ ಹಿಂದೆ ಒಂದು ನೆನಪಾದವು. ಫೋನು ಬಂದರೆ ಹಿತ್ತಲಿಗೆ ಎದ್ದುಹೋಗುತ್ತಾನೆ. ಬಾಯಲ್ಲಿ ಸದಾ ಪೆಪ್ಪರಮಿಂಟಿನ ವಾಸನೆ. ಕತ್ತು ನೋವೆಂದು ಎರಡು ದಿಂಬು ಏರಿಸಿಕೊಂಡು, ಮಲಗಿದಂತೆ ಅಲ್ಲ, ಒರಗಿದಂತೆ ನಿದ್ದೆ ಮಾಡುತ್ತಾನೆ. ಪಕ್ಕದಲ್ಲಿದ್ದೂ ಎಲ್ಲೋ ಹೊರಡಲು ಕಾದವನಂತೆ.

ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವಳ ಹಾಗೆ ಹೊಸ ದಾರಿಯ ಮಾತೆತ್ತಿದಳು. ಕೊನೆಯ ಭಾಗ ಬಾಕಿಯಿದೆ ಎಂದ.

"ಹಾಗೇ ಕಡಿದಾ, ಪೂರ್ತಿ?"

"ಹ್ಞೂಂ. ನಿನ್ನಂಥವರಿಗಲ್ಲ."

ತಟ್ಟೆಯಿಂದ ಮುಖವೆತ್ತದೆ ಹೇಳಿದ. ಅವಳು ಮತ್ತೆ ಬಡಿಸಲು ಹೋದರೆ ಸಾಕೆಂದು ಕೈ ಅಡ್ಡ ಹಿಡಿದ. ಸುಳ್ಳು ಹೇಳಲು ಬಾರದವನು ಇಷ್ಟು ಸರಾಗವಾಗಿ ಹೇಳುತ್ತಿದ್ದಾನಲ್ಲ, ಯಾರು ಕಲಿಸಿದರೋ ಎಂದುಕೊಂಡಳು.

ಮರುದಿನ ಅವನು ಹೊರಟ ಸ್ವಲ್ಪ ಹೊತ್ತಿಗೆ ಅಂಗಡಿಯನ್ನು ತಂಗಿಗೆ ಒಪ್ಪಿಸಿ ಅವಳೂ ಹೊರಟಳು. ಎಲ್ಲಿಗೆ ಎಂದು ತಂಗಿ ಕೇಳಲಿಲ್ಲ; ತಾನೂ ಬರಲಾ ಎಂದಷ್ಟೇ ಕೇಳಿ, ಅಕ್ಕನ ಮುಖ ನೋಡಿ ಮಷೀನಿಗೆ ಮರಳಿದಳು.

ದೀಪಸ್ತಂಭ ದಾಟಿದ್ದೇ ಹಸಿರು ಫಲಕ ಕಂಡಿತು. ದಾರಿ ಮಗುವಿಗೆ ಬರೆದುಕೊಟ್ಟ ಗೆರೆಯ ಹಾಗೆ ಸಲೀಸಾಗಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಬಿಳಿ ನೊರೆ. ಕಡಿದೂ ಇಲ್ಲ, ಗಿಡಿದೂ ಇಲ್ಲ. ಉಸಿರು ಮೇಲೆ ಬರುವ ಮೊದಲೇ ಒಂದು ಬೆಂಚು ಎದುರಾಯಿತು. ಅದರಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು. ಸಪಾಟು ಜಾಗದಲ್ಲೂ ಒಂದು. ಸಪಾಟು ನೆಲದಲ್ಲೂ ಕೂರಬೇಕಂತೆ ಮಹಾರಾಣಿಗೆ, ಎಂದು ಅವಳ ಹೊಟ್ಟೆ ಉರಿಯಿತು.

ಕೂತು ನೋಡಿದಳು. ಕಾಲು ನೆಲಕ್ಕೆ ಸಿಗಲಿಲ್ಲ. ಹಳೆಯ ದಾರಿಗಳ ಬೆಂಚುಗಳನ್ನೆಲ್ಲ ಅವಳ ಕಾಲಿಗೆ ಹೊಂದುವಂತೆ ತಗ್ಗಿಸಿ ಮಾಡಿಸಿದ್ದ. ಉದ್ದ ಕಾಲಿನವರು ಗೊಣಗಿದರೂ ಕೇಳಿರಲಿಲ್ಲ. ಹಾಗಾದರೆ ಎತ್ತರದವಳು. ಎತ್ತರ, ತೆಳ್ಳಗೆ, ನಾಲ್ಕು ಹೆಜ್ಜೆಗೆ ಬಾಡಿಹೋಗುವಂಥವಳು. ಇನ್ನೊಂದು ಕಣ್ಣಿಗೆ ಬಿತ್ತು. ಹಳೆಯ ಬೆಂಚುಗಳು ಕಡಲಿಗೆ ಮುಖ ಮಾಡಿದ್ದರೆ, ಇವು ಬಂದ ದಾರಿಯ ಕಡೆಗೆ ತಿರುಗಿದ್ದವು. ಇಷ್ಟು ಚೆಂದದ ಕಡಲಿಗೆ ಬೆನ್ನು ಹಾಕಿ ದಾರಿ ಕಾಯುವವರು ಯಾರು? ಯಾರಾದರೂ ಬರುತ್ತಾರೋ ಎಂಬ ಭಯ ಇದ್ದವರು.

ತೆರೆದ ಭಾಗ ಮುಗಿದು ಹಗ್ಗ ಅಡ್ಡ ಕಟ್ಟಿದ್ದ ಕಡೆ ಬಗ್ಗಿ ನುಸುಳಿದಳು. ತಿರುವಿನಾಚೆ ಅವನು ಕಂಡ. ಒಬ್ಬನೇ. ಪೊದೆಯ ಮರೆಗೆ ಸರಿದು ನಿಂತಳು. ಇನ್ನೊಬ್ಬಳು ಮುಂದೆ ಹೋಗಿರಬೇಕು, ಈಗ ಬರುತ್ತಾಳೆ ಎಂದು ಕಾದಳು.

ಅವನು ಕೆಲವು ಹೆಜ್ಜೆ ಹೋಗಿ ನಿಂತ. ಬಂಡೆಗೆ ಅಂಗೈ ಊರಿದ. ಮತ್ತೆ ಹೋಗಲಿಲ್ಲ; ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದ. ಬಾಯಿ ತೆರೆದುಕೊಂಡಿತ್ತು. ಜೇಬಿನಿಂದ ಚಿಕ್ಕ ಡಬ್ಬಿ ತೆಗೆದು ಏನನ್ನೋ ನಾಲಿಗೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತ. ಎಷ್ಟೋ ಹೊತ್ತಾದ ಮೇಲೆ ಚೀಲದಿಂದ ಗೂಟ, ಸುತ್ತಿಗೆ ತೆಗೆದು, ತಾನು ನಿಂತಿದ್ದ ಜಾಗಕ್ಕೇ ಇಟ್ಟು ಹೊಡೆದ. ಒಂದು ಏಟು, ಸುಧಾರಿಕೆ, ಮತ್ತೊಂದು ಏಟು.

ಆಗಲೂ ಅವಳ ಕಣ್ಣು ತಿರುವಿನ ಕಡೆಗೇ ಇತ್ತು. ಯಾರೂ ಬರಲಿಲ್ಲ. ಬರುವವರು ಯಾರೂ ಇಲ್ಲ ಎಂಬುದು ಅವಳೊಳಗೆ ಇಳಿಯಲು ಸಮಯ ಹಿಡಿಯಿತು. ಇಳಿದ ಮೇಲೆ, ಯಾರಾದರೂ ಬಂದಿದ್ದರೇ ಚೆನ್ನಾಗಿತ್ತೇನೋ ಅನ್ನಿಸಿ ಬೆಚ್ಚಿದಳು.

"ಯಾರಿಗೆ ಆ ಗೂಟ?"

ಅವನು ತಡಬಡಿಸಿ ಎದ್ದು ಡಬ್ಬಿಯನ್ನು ಮುಷ್ಟಿಯಲ್ಲಿ ಮುಚ್ಚಿದ. "ನೀನ್ಯಾಕೆ ಬಂದೆ? ಕಡಿದು ಅಂತ ಹೇಳಿದ್ದೆನಲ್ಲ."

"ಕಡಿದಂತೆ. ಒಂದು ಸಲಾನೂ ಏದುಸಿರು ಬಿಡದೆ ಬಂದಿದೀನಿ. ಬೈಯೋಕೆ ಬೇಕಾದಷ್ಟು ಉಸಿರು ಇನ್ನೂ ಉಳಿದಿದೆ." ಹೇಳುತ್ತಲೇ ಅವಳು ಗೂಟದ ಪಕ್ಕಕ್ಕೆ ಬಂದು ನಿಂತಳು. "ಅವಳು ಯಾರು ಅಂತ ಕೇಳೋಣ ಅಂತ ಬಂದೆ."

"ಯಾವಳು?"

ಅವಳು ಗೂಟದ ಕಡೆ ನೋಡಿದಳು. ಅರ್ಥವಾಗಿ ಅವನಿಗೆ ನಗು ಬಂತು. ನಗು ಕೆಮ್ಮಾಗಿ, ಕೆಮ್ಮು ಅವನನ್ನು ಮತ್ತೆ ಕಲ್ಲಿನ ಮೇಲೆ ಕೂರಿಸಿತು.

ಕೂತಲ್ಲೇ ಚೂರುಚೂರಾಗಿ ಹೇಳಿದ. ಚಳಿಗಾಲದಲ್ಲೇ ಡಾಕ್ಟರಿಗೆ ತೋರಿಸಿದ್ದಾಗಿತ್ತು. ಹೃದಯ ಸೋತಿದೆ, ಗುಡ್ಡ ಹತ್ತುವುದು ಬಿಡಿ ಎಂದಿದ್ದರು. ಆಫೀಸಿಗೆ ತಿಳಿದರೆ ಮೇಜಿನ ಮುಂದೆ ಕೂರಿಸಿಬಿಡುತ್ತಾರೆ. ಇದೊಂದು ದಾರಿ ಮುಗಿಸೋಣ ಎಂದುಕೊಂಡಿದ್ದ. ಬಣ್ಣದವನು ಹಿಂದಿನಿಂದ ಬಂದರೆ ಕಂಡ ತಕ್ಷಣ ಎದ್ದು ನಿಲ್ಲಬಹುದು ಎಂದು ಬೆಂಚುಗಳನ್ನು ಆ ಕಡೆ ತಿರುಗಿಸಿದ್ದು, ಸಲೀಸಾಗಿ ಏಳಲೆಂದು ಎತ್ತರ ಮಾಡಿಸಿದ್ದು. ಹಿತ್ತಲಿನ ಫೋನು ಆಸ್ಪತ್ರೆಯದು. ಪೆಪ್ಪರಮಿಂಟು, ಬಾಯಲ್ಲಿ ಗುಳಿಗೆ ಇದ್ದರೂ ಗೊತ್ತಾಗದಿರಲಿ ಎಂದು.

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮನೇಲಿ ಕಟ್ಟಿಹಾಕ್ತಿದ್ದೆ."

"ಕಟ್ಟಿಹಾಕ್ತಿದ್ದೆ."

"ಕರ್ಕೊಂಡು ಬಂದಿದ್ರೆ ಹೇಳೋ ಅವಶ್ಯಕತೇನೇ ಇರ್ತಿರಲಿಲ್ಲ." ಅವನು ಸುತ್ತಿಗೆಯನ್ನು ಚೀಲಕ್ಕೆ ತುರುಕಿದ. "ನೀನು ಮುಂದೆ ಹೋಗಿಬಿಡ್ತಿದ್ದೆ. ನಾನು ಹಿಂದೆ ಉಳಿದುಬಿಡ್ತಿದ್ದೆ."

ಅವಳು ಅವನ ಬೆರಳು ಬಿಡಿಸಿ ಡಬ್ಬಿ ತೆಗೆದುಕೊಂಡಳು. ಗುಳಿಗೆ ಕಾಲು ಭಾಗವೂ ಉಳಿದಿರಲಿಲ್ಲ. ಇಷ್ಟೇನಾ, ಇನ್ನೂ ಏನಾದರೂ ಮುಚ್ಚಿಟ್ಟಿದ್ದೀರಾ ಎಂದು ಕೇಳಿದಳು. ಇಷ್ಟೇ ಎಂದ. ಬಹಳ ಬೇಗ ಹೇಳಿದ. ಅವಳು ನಂಬಲಿಲ್ಲ. ಇನ್ನು ಮೇಲೆ ಅವನು ಚೆನ್ನಾಗಿದ್ದೇನೆ ಅಂದಾಗೆಲ್ಲ ಹೀಗೇ ಮುಖ ನೋಡಬೇಕಾಗುತ್ತದೆ ಎಂದು ಹೊಳೆಯಿತು.

ವಾಪಸ್ಸು ಹೊರಟರು. ಚೀಲ ಅವಳ ಹೆಗಲಿಗೆ ಬಂದಿತ್ತು. ಕೊಡು ಎಂದು ಅವನು ಒಮ್ಮೆ ಕೇಳಿ ಬಿಟ್ಟಿದ್ದ. ಅವಳು ಮುಂದೆ, ಅವನು ಹಿಂದೆ. ಕಡಲು ಎಷ್ಟು ಸದ್ದು ಮಾಡಿದರೂ ಅವಳ ಕಿವಿ ಬೆನ್ನ ಹಿಂದಿನ ಉಸಿರಿನ ಮೇಲಿತ್ತು. ಅದು ತುಂಡಾಗತೊಡಗಿದ್ದು ಕೇಳಿದಾಗ ಅವಳು ಇದ್ದಕ್ಕಿದ್ದಂತೆ ಬಂಡೆಯ ಮೂಲೆಯಲ್ಲಿ ಕೂತು ಬೂಟಿನ ದಾರ ಬಿಚ್ಚಿದಳು. ಒಳಗೆ ಕಲ್ಲು ಸೇರಿದೆ, ಚುಚ್ಚುತ್ತಿದೆ ಎಂದಳು.

ಅವನು ಬಂಡೆಗೆ ಒರಗಿ ನಿಂತ. ಎದೆ ಏರಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಸಿಕ್ತಾ?"

"ಇನ್ನೂ ಇಲ್ಲ."

ಅವನು ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಅವಳು ಆ ಕಡೆ ತಿರುಗದೆ ಬೂಟನ್ನು ಬೋರಲು ಹಾಕಿ ಕೊಡವಿದಳು. ಒಳಗೆ ಕೈ ಹಾಕಿ, ಮೂಲೆ ಮೂಲೆ ತಡಕಿ, ಮತ್ತೊಮ್ಮೆ ನಿಧಾನಕ್ಕೆ ಬೋರಲು ಹಾಕಿದಳು.