ಹೊಸ್ತಿಲಿನಿಂದ ಹೈಸ್ಕೂಲಿಗೆ

ಹೈಸ್ಕೂಲು ಸೀಟಿನ ಅರ್ಜಿಗೆ ನಮ್ಮ ಶಿಕ್ಷಣ ಕಚೇರಿ ‘ಪೋಷಕರ ಆಯ್ಕೆ ಪತ್ರ’ ಎಂದು ಹೆಸರಿಟ್ಟಿದೆ. ಕೇಳಲು ಚೆನ್ನಾಗಿದೆ. ಊರಲ್ಲಿರುವುದು ಎರಡೇ ಹೈಸ್ಕೂಲು. ಒಂದರಲ್ಲಿ ವಿಜ್ಞಾನದ ಪ್ರಯೋಗಶಾಲೆ ಇದೆ, ಇನ್ನೊಂದರಲ್ಲಿ ಅದರ ಬೋರ್ಡು ಮಾತ್ರ ಇದೆ. ಎಲ್ಲರಿಗೂ ಮೊದಲನೆಯದೇ ಬೇಕು, ಅಲ್ಲಿ ಸೀಟು ನೂರಿಪ್ಪತ್ತು. ಹಾಗಾಗಿ ಕೊನೆಗೆ ಆಯ್ಕೆ ಮಾಡುವುದು ನಾನು ತಳ್ಳುವ ಚಕ್ರ.

ಉದ್ದನೆಯ ಹಿಡಿಗೆ ಒಂದು ಚಕ್ರ, ಪಕ್ಕದಲ್ಲಿ ಮೀಟರು ತೋರಿಸುವ ಪುಟ್ಟ ಡಬ್ಬಿ. ಮನೆಯ ಹೊಸ್ತಿಲಿನಿಂದ ಶಾಲೆಯ ಗೇಟಿನವರೆಗೆ ಅದನ್ನು ತಳ್ಳಿಕೊಂಡು ಹೋಗಿ ದೂರ ಬರೆಯಬೇಕು. ಹತ್ತಿರದ ಮಕ್ಕಳಿಗೆ ಸೀಟು, ದೂರದವರಿಗೆ ಬೋರ್ಡು. ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ. ಬೀದಿಯಿಂದಲೇ ಶುರು ಮಾಡಿ ಎಂದು ದುಂಬಾಲು ಬೀಳುವವರಿಗೆ ‘ಹೊಸ್ತಿಲಿನಿಂದ’ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಈ ವರ್ಷ ನನ್ನ ಮಗಳ ಸರದಿ. ಮನೆಯ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದವಳು ಅವಳು. ಒಂದು ತಿರುಪು ಹೊರಗೇ ಉಳಿಯಿತು, ಗಡಿಯಾರ ಮಾತ್ರ ಓಡುತ್ತಿದೆ. ಅಂಥವಳಿಗೆ ಪ್ರಯೋಗಶಾಲೆ ಸಿಗಬೇಕೆಂದು ನಾನು ಎಷ್ಟು ಆಸೆಪಟ್ಟೆ ಎಂಬುದು ನನಗೊಬ್ಬಳಿಗೇ ಗೊತ್ತು.

ನಮ್ಮ ಮನೆಯನ್ನು ನಾವೇ ಅಳೆಯುವಂತಿಲ್ಲ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಬಂದ. ಕಚೇರಿಯಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು, ಊಟವನ್ನೂ ನಿಂತೇ ಮುಗಿಸುವ ಆಸಾಮಿ. ನಮ್ಮದು ಕಟ್ಟಡದ ಹಿಂಭಾಗದ ಮನೆ, ಬೀದಿಯಿಂದ ಬಾಗಿಲಿಗೆ ಎಂಟು ಮೀಟರಿನ ಇಕ್ಕಟ್ಟಾದ ದಾರಿ. ಅವನು ಒಳಗೂ ಬರಲಿಲ್ಲ. ಬೀದಿಯಲ್ಲೇ ಚಕ್ರ ಇಟ್ಟು ಡಬ್ಬಿಯನ್ನು ಸೊನ್ನೆಗೆ ತಿರುಗಿಸಿದ.

“ಹೊಸ್ತಿಲಿನಿಂದ ಶುರು ಮಾಡಪ್ಪ.”

ಹೇಳಿದ್ದು ನಾನೇ ಎಂದು ತಿಳಿದದ್ದು ಗಂಡ ಗಕ್ಕನೆ ನನ್ನತ್ತ ತಿರುಗಿದಾಗ. ಗಡಿಬಿಡಿ ಕಣ್ಣಲ್ಲೇ ‘ಬೇಕಾ?’ ಎಂದು ಕೇಳಿದ. ಆಗಲಾದರೂ ಕಂಡೂ ಕಾಣದಂತೆ ಇರಬಹುದಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಕು ಎಂದು ತಲೆಯಾಡಿಸಿದೆ. ಅವನು ಒಳಗೆ ಬಂದು ಅವಳ ಕಾಲ ಬಳಿಯಿಂದ ಚಕ್ರ ಹೊರಡಿಸಿದ.

ಸೋಮವಾರ ಪಟ್ಟಿ ಬಂತು. ನೂರಿಪ್ಪತ್ತನೆಯ ಮಗುವಿನ ಮನೆ ಸಾವಿರದ ನೂರ ನಲವತ್ತೊಂದು ಮೀಟರು. ನಮ್ಮದು ಸಾವಿರದ ನೂರ ನಲವತ್ತಾರು. ಮಗಳ ಹೆಸರು ಕೆಂಪು ಗೆರೆಯ ಕೆಳಗೆ ಮೊದಲನೆಯದು.

ಗಂಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಸಿಟ್ಟು ಬಂದರೂ ದನಿ ಏರುವುದಿಲ್ಲ. “ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಕೇಳಿ ಪಾಳಿಗೆ ಹೊರಟುಹೋದರು. ಆದರೂ ನನಗೆ ಒಳಗೊಳಗೇ ಒಂದು ಬಿಗುಮಾನ ಇತ್ತು, ಸುಳ್ಳು ಹೇಳುವುದೇಕೆ. ಮಗಳ ಎದುರು ನ್ಯಾಯವಾಗಿ ನಡೆದುಕೊಂಡೆ ಎಂದುಕೊಂಡಿದ್ದೆ.

ಮಗಳು ಅಳಲಿಲ್ಲ. ಪಟ್ಟಿಯ ಪ್ರತಿಯನ್ನು ಮೇಜಿನ ಮೇಲೆ ಹರಡಿ ಮೇಲಿನಿಂದ ಬೆರಳಿಟ್ಟು ಓದತೊಡಗಿದಳು.

“ಅಮ್ಮ, ಮೊದಲನೇ ಏಳು ಮಕ್ಕಳದೂ ಒಂದೇ ಕಟ್ಟಡ. ಶಾಲೆ ಎದುರಿನ ಮಹಡಿ. ಅಲ್ಲಿ ಅಷ್ಟು ಜನ ಇದಾರಾ?”

“ಯಾರೂ ಇಲ್ಲ. ಅರ್ಜಿ ಹಾಕೋ ಎರಡು ತಿಂಗಳಿಗೆ ಬಾಡಿಗೆಗೆ ಹಿಡೀತಾರೆ.”

“ನಿಂಗೆ ಹೇಗೆ ಗೊತ್ತು?”

“ನಾನೇ ಅಳೆದಿದ್ದು. ಒಂದು ಲೋಟ ಕೂಡ ಇರಲಿಲ್ಲ ಒಳಗೆ.” ನಂತರ ಅವಸರದಲ್ಲಿ ಸೇರಿಸಿದೆ, “ಬಾಡಿಗೆ ಪತ್ರ ಸರಿಯಾಗಿತ್ತು ಪುಟ್ಟಿ. ಹೊಸ್ತಿಲಿನಿಂದಾನೇ ಅಳೆದೆ.”

ಅವಳ ಬೆರಳು ಪಟ್ಟಿಯ ಬಲತುದಿಗೆ ಸರಿಯಿತು. “ಇಲ್ಲಿ ಷರಾ ಅಂತ ಇದೆ. ಹಾಗಂದ್ರೆ?”

“ಅಳೆದವರಿಗೆ ಏನಾದ್ರೂ ಅನುಮಾನ ಬಂದ್ರೆ ಬರೆಯೋ ಜಾಗ. ಬರೆದ್ರೆ ವಿಚಾರಣೆ ಆಗುತ್ತೆ. ಪಟ್ಟಿಗೆ ಮೊಹರು ಬಿದ್ಮೇಲೆ ಬರೆಯೋ ಹಾಗಿಲ್ಲ, ಇದಕ್ಕೆ ಆಗಲೇ ಬಿದ್ದಿದೆ.”

ಹನ್ನೊಂದು ವರ್ಷದಲ್ಲಿ ಆ ಕಾಲಂನಲ್ಲಿ ನಾನು ಒಂದಕ್ಷರ ಬರೆದವಳಲ್ಲ. ಡಾಕ್ಟರು, ವಕೀಲರು, ನಮ್ಮ ಮೇಲಧಿಕಾರಿಯ ತಮ್ಮ, ಇಂಥವರೇ ಹಿಡಿಯುವ ಕೋಣೆಗಳು ಅವು. ಯಾರ ಗೊಡವೆಗೂ ಹೋಗದೆ ಚಕ್ರ ತಳ್ಳಿದ್ದೆ.

ಮಗಳು ಏಳೂ ಖಾಲಿ ಜಾಗಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಪಟ್ಟಿ ಮಡಚಿ ನನ್ನ ಮುಂದಿಟ್ಟಳು.

“ಅವರ ಮನೆಗಳಲ್ಲಿ ನೀನು ಸುಮ್ಮನಿದ್ದೆ,” ಎಂದಳು. “ನನ್ನ ಸರದಿ ಬಂದಾಗ ಮಾತ್ರ ಮಾತಾಡಿದೆ.”