ಹನ್ನೊಂದು ನಿಮಿಷ

ಮೊಬೈಲಿನಲ್ಲಿ ಎಂಟೂ ಇಪ್ಪತ್ತು. ಮೇಜಿನ ಮೇಲಿನ ಗಡಿಯಾರದಲ್ಲಿ ಎಂಟೂ ಒಂಬತ್ತು. ಬೀರೇಶ ಮತ್ತೊಮ್ಮೆ ಎರಡನ್ನೂ ನೋಡಿದ. ಅಪ್ಪ ಧರ್ಮಪ್ಪ ತೀರಿಕೊಂಡು ಮೂರನೆಯ ದಿನ. ಹಾಲುತುಪ್ಪ ಬಿಟ್ಟು ಬಂದು ಸುಮ್ಮನೆ ಕೂತಿದ್ದವನು ಎದ್ದು ಗಡಿಯಾರದ ಮುಂದೆ ಹೋಗಿ ನಿಂತ.

ಆ ಗಡಿಯಾರ ಅವನೇ ಕೈಯಾರೆ ಮಾಡಿದ್ದು. ಅರಸೀಕೆರೆಯ ಕೊಬ್ಬರಿ ಮಂಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಬೀರೇಶ, ಗುಜರಿಗೆ ಹೊರಟಿದ್ದ ಹಳೇ ಯಂತ್ರವೊಂದರಿಂದ ನಾಲ್ಕು ನಿಕ್ಸಿ ಟ್ಯೂಬು ಬಿಚ್ಚಿ ತಂದಿದ್ದ. ಒಂದೊಂದು ಗಾಜಿನ ಬುರುಡೆಯಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ತಂತಿಯ ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಕರೆಂಟು ಕೊಟ್ಟದ್ದು ಮಾತ್ರ ಕೆಂಡದ ಬಣ್ಣಕ್ಕೆ ಬೆಳಗುತ್ತದೆ. ಒಂದು ವರ್ಷ ಅದರ ಹಿಂದೆ ಬಿದ್ದ. ನೂರೆಪ್ಪತ್ತು ವೋಲ್ಟಿನ ಶಾಕು ಎರಡು ಸಲ ತಿಂದ. ಬಡಗಿ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಧರ್ಮಪ್ಪ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟು, ಗಾಜಿಗೆ ಮೂಗು ತಾಗಿಸಿ ಕೇಳಿದ್ದ:

"ಉರೀದೆ ಇರೋವು ಎಲ್ಲಿಗೋಯ್ತವ್ಲಾ?"

"ಅಲ್ಲೇ ಅವೆ ಕಣಪ್ಪ. ಕನ್ನಡ್ಕ ಹಾಕ್ಕಂಡು ನೋಡು."

ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುವುದನ್ನು ಎಣಿಸಿಕೊಂಡು ಗಡಿಯಾರ ನಡೆಯಲಿ ಎಂದು ಲೆಕ್ಕ ಹಾಕಿದವನೂ ಬೀರೇಶನೇ. ಮನೆಯ ಯುಪಿಎಸ್ ಕೊಡುವ ಕರೆಂಟು ಕೊಂಚ ನಿಧಾನವಾಗಿ ಮಿಡಿಯಬಹುದು ಎನ್ನುವುದು ಮಾತ್ರ ಜಾಣನ ತಲೆಗೆ ಹೊಳೆದಿರಲಿಲ್ಲ. ಅಪ್ಪನ ಕೊನೆಯ ರಾತ್ರಿಯೆಲ್ಲ ಊರಲ್ಲಿ ಕರೆಂಟಿರಲಿಲ್ಲ. ಮನೆ ನಡೆದದ್ದು ಯುಪಿಎಸ್ ಮೇಲೆ. ಆಮೇಲೆ ಇವತ್ತಿನವರೆಗೆ ಕರೆಂಟು ಹೋಗಿಲ್ಲ. ಅಂದರೆ ಆ ಬೆಳಿಗ್ಗೆಯೂ ಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು.

ಬೆಳಿಗ್ಗೆ ಉಸಿರು ನಿಂತಾಗ ಪಕ್ಕದಲ್ಲಿದ್ದವಳು ಅವ್ವ ಜಾನಕಮ್ಮ ಒಬ್ಬಳೇ. ಜೋಯಿಸರು ಹೊತ್ತು ಕೇಳಿದಾಗ ಅವಳು ಮಗನ ಗಡಿಯಾರದ ಕಡೆ ಕೈ ತೋರಿಸಿ, ಆಗ ಅದರಲ್ಲಿ ಆರೂ ಐವತ್ತೆಂಟು ಇತ್ತು ಎಂದಳು. ಏಳೂ ಎರಡಕ್ಕೆ ಧನಿಷ್ಠಾ ಪಂಚಕ ಶುರು. ಅದು ಹಿಡಿದ ಮೇಲೆ ಸಾವಾದರೆ ಎಲ್ಲರೂ ಮನೆಗೆ ಬೀಗ ಹಾಕಿ ಆರು ತಿಂಗಳು ಹೊರಗಿರಬೇಕು, ಇಲ್ಲದಿದ್ದರೆ ಮನೆಯವರಿಗೇ ಕೇಡು. "ನಾಲ್ಕೇ ನಿಮಿಷದಲ್ಲಿ ಬಚಾವಾದ್ರಿ," ಎಂದು ಜೋಯಿಸರು ಪಂಚಾಂಗ ಮಡಚಿದ್ದರು.

ಬೀರೇಶ ಇಂಥದ್ದನ್ನೆಲ್ಲ ನಂಬುವವನಲ್ಲ. ನಂಬುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಯಾರೂ ನೋಡದ ಹೊತ್ತಲ್ಲಿ ಗಡಿಯಾರ ಸರಿಮಾಡಿಟ್ಟು ಬಾಯಿ ಮುಚ್ಚಿಕೊಂಡ. ಅಂದಿನಿಂದ ಮನೆ ಮೊದಲಿನ ಹಾಗಿರಲಿಲ್ಲ. ಹಗಲಲ್ಲೇ ಅಪ್ಪನ ಕೋಣೆಯಿಂದ ಅವನು ಸೇದುತ್ತಿದ್ದ ಬೀಡಿಯ ವಾಸನೆ ಬರುತ್ತಿತ್ತು. ಸದ್ದಾಗಿದ್ದರೆ ಇಲಿ ಎನ್ನಬಹುದಿತ್ತು, ವಾಸನೆಗೆ ಏನೆನ್ನುವುದು? ತಿಥಿಯ ಎಡೆಯನ್ನು ಕಾಗೆ ಮಧ್ಯಾಹ್ನ ತಿರುಗಿದರೂ ಮುಟ್ಟಲಿಲ್ಲ. ಮರುವಾರ ಹೆಂಡತಿ ರಮಾ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಆರು ವರ್ಷದ ಮಗಳು ಶಿಲ್ಪಶ್ರೀಗೆ ಬಂದ ಜ್ವರ ಮೂರು ದಿನವಾದರೂ, ಡಾಕ್ಟರು ಮಾತ್ರೆ ಬದಲಿಸಿದರೂ ಬಿಡದಿದ್ದಾಗ ಅವನಿಗೆ ನಿಜವಾಗಿ ಭಯವಾಯಿತು. ಮಗುವಿನ ಹಣೆ ಮುಟ್ಟಿದಾಗಲೆಲ್ಲ ತಾನೇ ಬೆಂಕಿ ಹಚ್ಚಿದ ಹಾಗೆನಿಸುತ್ತಿತ್ತು.

ಆ ಸಂಜೆ ಮಂಡಿಯಿಂದ ಬಂದವನೇ ಅವ್ವನ ಮುಂದೆ ಕೂತ. ಅವಳು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ನಾವು ಮನೆ ಬಿಡ್ಬೇಕು. ಕಣಕಟ್ಟೇಲಿ ಭಾವನ ಹಳೇ ಮನೆ ಖಾಲಿ ಐತೆ. ನಾಳೇನೇ ಹೋಗಾನ."

"ಯಾಕ್ಲಾ?"

ಬೀರೇಶ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. "ಅಪ್ಪ ಹೋಗಿದ್ದು ಏಳೂ ಒಂಬತ್ತಕ್ಕೆ. ತಪ್ಪು ನಂದೇ. ಗೊತ್ತಾದ್ ಮ್ಯಾಲೂ ಹೇಳ್ನಿಲ್ಲ."

ಜಾನಕಮ್ಮನ ಕೈ ನಿಲ್ಲಲಿಲ್ಲ. "ಗೊತ್ತು ಕಣೋ. ಎದುರುಮನೆ ಜವರಪ್ಪನ ರೇಡಿಯೋದಲ್ಲಿ ಏಳೂ ಐದರ ವಾರ್ತೆ ಶುರುವಾದಾಗ್ಲೂ ನಿಮ್ಮಪ್ಪ ನನ್ ಕೈ ಹಿಡ್ಕಂಡೇ ಇದ್ರು."

"ಮತ್ಯಾಕವ್ವ ಹಂಗೇಳ್ದೆ?"

"ಗಡಿಯಾರ ಹಂಗಂತು, ನಾನೂ ಹಂಗೇ ಅಂದೆ." ಅವಳು ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. "ಬೀಗ ಹಾಕ್ಕಂಡು ನಾವೆಲ್ಲ ಹೊಂಟೋದ್ರೆ ಆರು ತಿಂಗ್ಳು ಅವ್ರೊಬ್ರೇ ಎಂಗಿರ್ತಾರೆ?"

ಬೀರೇಶನಿಗೆ ಸಿಟ್ಟು ಬಂತು, ಅಳುವೂ ಬಂತು. "ಮಗೀಗೇನಾದ್ರೂ ಆದ್ರೆ ಏನವ್ವ ಮಾಡ್ತೀಯ? ಸತ್ತೋರಿಗೋಸ್ಕರ..."

"ಮೆತ್ತಗೆ ಮಾತಾಡು." ಜಾನಕಮ್ಮ ಗಂಡನ ಕೋಣೆಯ ಕಡೆ ನೋಡಿದಳು. "ಮಗು ಅಲ್ಲೇ ಮಲಗೈತೆ. ಮಧ್ಯಾಹ್ನದಿಂದ ಅವ್ರೇ ನೋಡ್ಕಂತಾವ್ರೆ."

ಬೀರೇಶ ಎದ್ದು ಹೋಗಿ ಬಾಗಿಲು ತಳ್ಳಿದ. ಶಿಲ್ಪಶ್ರೀ ಅಜ್ಜನ ಮಂಚದ ಮೇಲೆ ನಿದ್ದೆಹೋಗಿದ್ದಳು. ಜ್ವರ ಬಿಟ್ಟು ಕತ್ತೆಲ್ಲ ಬೆವರಿತ್ತು. ಇಡೀ ಮಂಚ ಖಾಲಿಯಿದ್ದರೂ ಅವಳು ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಹೊರಮಗ್ಗುಲಲ್ಲಿ ಒಬ್ಬರಿಗಾಗುವಷ್ಟು ಜಾಗವಿತ್ತು.