ಒಂದು ಮನೆಗೆ ಎಂಟು ಡಿಗ್ರಿ

ನಮ್ಮ ಅಣ್ಣನಿಗೆ ಬಟ್ಟೆ ಕತ್ತರಿಸುವುದು ಗೊತ್ತು. ಅದೊಂದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದರೆ ಪ್ರಪಂಚದಲ್ಲಿ ಇರುವುದೆಲ್ಲ ಬಟ್ಟೆ ಕತ್ತರಿಸಿದ ಹಾಗೆಯೇ ಎಂದು ಅವನ ನಂಬಿಕೆ. ಬೀದಿಯವರೆಲ್ಲ ಮಾಸ್ಟರ್, ಮಾಸ್ಟರ್ ಎಂದು ಕರೆದು ಅವನ ತಲೆ ಕೆಡಿಸಿಟ್ಟಿದ್ದಾರೆ. ಮನೆಯಲ್ಲೂ ಈಗ ನಾವು ಅವನನ್ನು ಮಾಸ್ಟರ್ ಎಂದೇ ಕರೆಯುವುದು.

ನಮ್ಮದು ಹೊಲಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮಲ್ಲಿ ಒಂದು ಶರ್ಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಮಾಸ್ಟರ್ ಅಳತೆ ತೆಗೆದು ಕತ್ತರಿಸುತ್ತಾನೆ. ಅತ್ತಿಗೆಯದು ಕಾಲರು ಮತ್ತು ಕಫು. ತಂಗಿಯದು ತೋಳು ಕೂಡಿಸುವ ಕೆಲಸ. ನಾನು ಗುಂಡಿಯ ತೂತಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತೇನೆ. ಅಪ್ಪ ಹೋದಾಗಿನಿಂದ ಹೀಗೆಯೇ ನಡೆದಿದೆ. ನನಗೆ ತೋಳು ಕೂಡಿಸಲು ಬರುವುದಿಲ್ಲ, ಅತ್ತಿಗೆಗೆ ಕಾಜಾ ಬರುವುದಿಲ್ಲ, ಮಾಸ್ಟರಿಗೆ ಸೂಜಿಗೆ ದಾರ ಪೋಣಿಸುವುದೂ ಮರೆತುಹೋಗಿದೆ. ತಂಗಿಯೊಬ್ಬಳು ಮಾತ್ರ ನೋಡಿ ನೋಡಿಯೇ ಎಲ್ಲರ ಕೆಲಸವನ್ನೂ ಕಲಿತಿದ್ದಳು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಎರಡು ಬೀದಿ ಆಚೆ ಒಂದು ಹೊಲಿಗೆ ತರಬೇತಿ ಶಾಲೆ ಇದೆ. ಅದನ್ನು ನಡೆಸುವ ಮೇಡಂ ಒಮ್ಮೆ ತಮ್ಮ ಕೋಟಿನ ತೋಳು ಸರಿಮಾಡಿಸಲು ಬಂದಿದ್ದರು. ಕೋಟು ವಾಪಸ್ ತೆಗೆದುಕೊಳ್ಳುವಾಗ ಒಳಗಿನ ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾಡಿದ್ದು ಯಾರೆಂದು ಕೇಳಿ ತಂಗಿಯ ಹತ್ತಿರ ಹೋಗಿ ನಿಂತರು.

"ನಮ್ಮ ಟೀಚರು ಇನ್ನು ಮೂರು ವರ್ಷಕ್ಕೆ ರಿಟೈರ್ ಆಗ್ತಾರೆ. ಆ ಜಾಗಕ್ಕೆ ನೀನು ಬಾ. ಆದ್ರೆ ಒಂದು ಡಿಗ್ರಿ ಬೇಕು. ಇಲ್ಲಾಂದ್ರೆ ನಮ್ಮ ಕಮಿಟಿ ಒಪ್ಪಲ್ಲ."

"ಯಾವುದ್ರಲ್ಲಿ ಡಿಗ್ರಿ ಮೇಡಂ?" ಎಂದು ನಾನೇ ಕೇಳಿದೆ.

"ಯಾವುದಾದ್ರೂ ಸರಿ."

ತೋಳು ಕೂಡಿಸಲು ಕಲಿಸುವವರಿಗೆ ಯಾವುದಾದರೂ ಡಿಗ್ರಿ! ನನಗೆ ನಗು ತಡೆಯಲಾಗಲಿಲ್ಲ. ತಂಗಿ ನಗಲಿಲ್ಲ. ಅವಳಿಗೆ ಆಗ ಇಪ್ಪತ್ತೊಂಬತ್ತು. ಹದಿನಾಲ್ಕನೇ ವಯಸ್ಸಿನಿಂದ ಅದೇ ಕಿಟಕಿ, ಅದೇ ಸ್ಟೂಲು, ಅದೇ ತೋಳು. ಆ ದಿನವೆಲ್ಲ ಅವಳ ಮೆಷಿನ್ ಎಂದಿನಂತೆ ಓಡಲಿಲ್ಲ, ನಡುನಡುವೆ ನಿಂತುಬಿಡುತ್ತಿತ್ತು. ಅವಳು ಇಷ್ಟು ಆಸೆಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಯಲ್ಲಿ ಕೂತು ಓದುವ ಆನ್‌ಲೈನ್ ಕಾಲೇಜು ಎಂದು ತೀರ್ಮಾನವಾಯಿತು. ಯಾವ ಕಾಲೇಜು ಎನ್ನುವುದನ್ನು ಮಾಸ್ಟರ್ ತನ್ನ ಮೇಲೆ ಹಾಕಿಕೊಂಡ. ಮೂರು ಕಾಲೇಜುಗಳ ಮಾಹಿತಿಯನ್ನು ಪ್ರಿಂಟು ಹಾಕಿಸಿಕೊಂಡು ಬಂದು ಕತ್ತರಿಸುವ ಮೇಜಿನ ಮೇಲೆ ಹರಡಿದ. ಮೊದಲನೆಯದರ ಮೇಲೆ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಲ್ಲು ಕಿರಿಯುವ ಹುಡುಗಿ. ಮೂರನೆಯದರ ಮೇಲೂ ಅದೇ ಹುಡುಗಿ, ಅದೇ ಮರ. ಪಾಪ, ಎರಡೆರಡು ಕಾಲೇಜಿನಲ್ಲಿ ಓದುತ್ತಿದ್ದಳೇನೋ. ಮಾಸ್ಟರ್ ಕಾಗದವನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ. ದೇವರಾಣೆ, ಉಜ್ಜಿ ನೋಡಿದ.

"ಇದು ನೋಡಕ್ಕೆ ಅಗ್ಗ, ಆದ್ರೆ ನೀರಿಗೆ ಹಾಕಿದ್ರೆ ಕುಗ್ಗತ್ತೆ. ಪರೀಕ್ಷೆಗೆ ಬೇರೆ ಫೀಸು, ಸರ್ಟಿಫಿಕೇಟಿಗೆ ಬೇರೆ ಫೀಸು. ಇನ್ನೊಂದು ಬರೀ ಹೆಸರಿಗೆ ದುಡ್ಡು. ಇದು ನೋಡು, ಇದು ಗಟ್ಟಿ."

ಗಟ್ಟಿಯಾದ ಕಾಲೇಜಿನ ಗುಟ್ಟು ಹೀಗಿತ್ತು. ಒಂದೇ ವಿಳಾಸದಿಂದ ನಾಲ್ಕು ಜನ ಸೇರಿದರೆ ಶುಲ್ಕದಲ್ಲಿ ದೊಡ್ಡ ಕಡಿತ. ಒಂದು ಡಿಗ್ರಿ ಮುಗಿಸಿದವರು ಎರಡನೆಯದಕ್ಕೆ ಸೇರಿದರೆ, ಎರಡರಲ್ಲೂ ಇರುವ ವಿಷಯಗಳನ್ನು ಮತ್ತೆ ಓದಬೇಕಿಲ್ಲ, ಅದಕ್ಕೆ ದುಡ್ಡೂ ಕಟ್ಟಬೇಕಿಲ್ಲ. ಮಾಸ್ಟರ್ ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಮೇಜಿನ ಮೇಲೆಯೇ ಲೆಕ್ಕ ಹಾಕಿದ. ಒಂದು ತುಂಡು ಬಟ್ಟೆಯಲ್ಲಿ ಮೂರು ಶರ್ಟಿನ ಜಾಗದಲ್ಲಿ ನಾಲ್ಕು ತೆಗೆದಾಗ ಅವನ ಮುಖ ಹೇಗಾಗುತ್ತದೋ ಹಾಗಾಯಿತು.

"ನಾಲ್ಕು ಜನ, ಎರಡೆರಡು ಡಿಗ್ರಿ. ಒಂದು ಮನೆಗೆ ಎಂಟು ಡಿಗ್ರಿ! ಮೂರು ಡಿಗ್ರಿ ಖರ್ಚಲ್ಲಿ!"

"ಬೇಕಾಗಿರೋದು ಒಂದು," ಎಂದೆ.

"ನಿಂದು ಯಾವಾಗ್ಲೂ ಅಡ್ಡಬಾಯಿ ಕಣೆ. ಉಳಿದ ಏಳೇನು ಅನ್ನ ಕೇಳ್ತಾವಾ?"

ಅತ್ತಿಗೆ ಗಂಡನ ಮಾತಿಗೆ ತಲೆಯಾಡಿಸಿದಳು. ಅವಳು ಮದುವೆಯಾದಾಗಿನಿಂದ ಮಾಡುತ್ತಿರುವ ಕೆಲಸ ಅದು. ತಂಗಿ, "ನಾನು ಒಬ್ಳೇ ಸೇರ್ತೀನಿ ಅಣ್ಣ, ನಿಧಾನಕ್ಕೆ ಓದ್ಕೋತೀನಿ" ಎಂದಳು. ಒಬ್ಬಳೇ ಸೇರಿದರೆ ಕಡಿತ ಇಲ್ಲವಲ್ಲ! ಅಲ್ಲಿಗೆ ಅವಳ ಮಾತು ಮುಗಿಯಿತು. ಎಲ್ಲರೂ ಸೇರಿದೆವು.

ಈಗ ನಮ್ಮ ಮನೆಯ ಮಹಾಬುದ್ಧಿಯನ್ನು ಕೇಳಿ. ಪುಸ್ತಕಗಳು ಬಂದ ವಾರದಲ್ಲೇ ಮಾಸ್ಟರ್ ಕೆಲಸ ಹಂಚಿದ. ಲೆಕ್ಕಶಾಸ್ತ್ರ ತನ್ನದು. ಆಡಳಿತ ಅತ್ತಿಗೆಯದು. ಬಟ್ಟೆ ಮತ್ತು ವಿನ್ಯಾಸ ತಂಗಿಯದು. ಭಾಷೆ ಮತ್ತು ಪ್ರಬಂಧ ನನ್ನದು, ಕಾಜಾ ಹೊಲಿಯುತ್ತಾ ಪೇಪರು ಓದುವ ಚಟ ನನಗಿದೆ ಎಂಬ ಕಾರಣಕ್ಕೆ. ಒಬ್ಬೊಬ್ಬರು ಒಂದೊಂದು ವಿಷಯ ಓದುವುದು, ಆ ವಿಷಯದ ಉತ್ತರವನ್ನು ನಾಲ್ವರಿಗೂ ಬರೆದುಕೊಡುವುದು. ಮಾತು ಆಚೀಚೆ ಮಾಡಿ, ಉದ್ದ ಗಿಡ್ಡ ಮಾಡಿ, ಒಂದೇ ಮಾದರಿಯನ್ನು ನಾಲ್ಕು ಅಳತೆಗೆ ಇಳಿಸುವುದು. ನಾಲ್ವರಿಗೂ ಎಲ್ಲ ವಿಷಯದಲ್ಲೂ ಅಂಕ ಬರುತ್ತಿತ್ತು. ನಾಲ್ವರಿಗೂ ಮುಕ್ಕಾಲು ಪಾಲು ವಿಷಯದ ತಲೆಬುಡ ಗೊತ್ತಿರಲಿಲ್ಲ. ಶರ್ಟಾದರೆ ಯಾರು ಎಲ್ಲಿ ಹೊಲಿದರೇನು, ಮೈಮೇಲೆ ಕೂತರೆ ಸಾಕು. ಓದನ್ನೂ ಹಾಗೆ ಹೊಲಿಯಬಹುದು ಎಂದು ಕಾಣುವ ಕಣ್ಣು ಇಡೀ ಊರಿನಲ್ಲಿ ನಮ್ಮ ಮಾಸ್ಟರಿಗೆ ಒಬ್ಬನಿಗೇ ಇದ್ದದ್ದು.

ನಾನು ಮೂಗು ಮುರಿಯುತ್ತಲೇ ಬರೆದುಕೊಟ್ಟೆ. ಸುಳ್ಳೇಕೆ, ಬರೆಯುವಾಗ ನನಗೆ ಸ್ವಲ್ಪ ಕೋಡು ಮೂಡಿತ್ತು.

ಮೊದಲ ಪ್ರಬಂಧ 'ನನ್ನ ಬಾಲ್ಯದ ಒಂದು ದಿನ'. ತಂಗಿ ಅದನ್ನು ಮಾತ್ರ ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ಮೂರು ದಿನ ಬರೆದಳು. ನಾಲ್ಕನೆಯ ದಿನ ಹಾಳೆಯನ್ನು ತಂದು ನನ್ನ ಮುಂದಿಟ್ಟು, "ನೋಡಕ್ಕ, ಸರಿಯಾಗಿದ್ಯಾ?" ಎಂದು ನಿಂತಳು. ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು. ನಾನು ಗಟ್ಟಿಯಾಗಿ ಓದಿದೆ.

"ನಾನು ಅಪ್ಪನ ಮೆಷಿನ್ ಕೆಳಗೆ ಮಲಗುತ್ತಿದ್ದೆ. ಪೆಡಲ್ ಆಡುವಾಗ ಗಾಳಿ ಬರುತ್ತಿತ್ತು. ನನಗೆ ನಿದ್ದೆ ಬರುತ್ತಿತ್ತು. ಮೆಷಿನ್ ನಿಂತರೆ ಎಚ್ಚರ ಆಗುತ್ತಿತ್ತು. ಮತ್ತೆ ಓಡಿದರೆ ಮತ್ತೆ ನಿದ್ದೆ ಬರುತ್ತಿತ್ತು."

"ಮತ್ತೆ ಎಚ್ಚರ, ಮತ್ತೆ ನಿದ್ದೆ. ಇದೇನು ಪ್ರಬಂಧನಾ, ಸೊಳ್ಳೆ ಕಾಟನಾ?" ಎಂದೆ. ಗಿರಾಕಿಗಳು ನಕ್ಕರು. ಮಾಸ್ಟರ್ ಕತ್ತರಿ ಕೆಳಗಿಟ್ಟು ನಕ್ಕ. ಅತ್ತಿಗೆ ಗಂಡ ನಕ್ಕನೆಂದು ನಕ್ಕಳು. ತಂಗಿಯೂ ನಕ್ಕಳು, ಹಾಳೆಯನ್ನು ಮಡಚಿ ಮಡಚಿ ಸಣ್ಣದು ಮಾಡುತ್ತಾ. ಸಂಜೆಯೊಳಗೆ ನಾನು ಅವಳಿಗೆ ಬೇರೆ ಪ್ರಬಂಧ ಬರೆದುಕೊಟ್ಟೆ. ಅದರಲ್ಲಿ ಒಂದು ನದಿ ಇತ್ತು, ಅಜ್ಜಿಯ ಕೈ ಹಿಡಿದು ದಡದಲ್ಲಿ ನಡೆದದ್ದಿತ್ತು, ಸೂರ್ಯೋದಯವಿತ್ತು. ನಮ್ಮ ಅಜ್ಜಿಯನ್ನು ನಾವ್ಯಾರೂ ನೋಡಿಲ್ಲ. ನೂರಕ್ಕೆ ತೊಂಬತ್ತೊಂದು ಬಂತು. ಆಮೇಲೆ ಅವಳು ಎಂದೂ ತಾನು ಬರೆಯುತ್ತೇನೆ ಎನ್ನಲಿಲ್ಲ.

ಮೂರು ವರ್ಷ ಹೀಗೆ ಹೋಯಿತು. ಕೊನೆಯ ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಕಾಲೇಜಿನಿಂದ ಕಾಗದ ಬಂತು. ಕೊನೆಯದು ಬಾಯಿಮಾತಿನ ಪರೀಕ್ಷೆ, ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಕ್ಯಾಮೆರಾ ಮುಂದೆ ಒಬ್ಬೊಬ್ಬರೇ ಕೂರಬೇಕು, ಮುಚ್ಚಿದ ಕೋಣೆಯಲ್ಲಿ. ಪರೀಕ್ಷಕರು ಮೂರು ವರ್ಷದ ಯಾವುದಾದರೂ ಒಂದು ವಿಷಯ ಆರಿಸಿಕೊಂಡು, ಬರೆದದ್ದರ ಮೇಲೆಯೇ ಕೇಳುತ್ತಾರೆ. ಇದೆಲ್ಲ ಸೇರುವಾಗಲೇ ನಿಯಮಗಳ ಹದಿನೇಳನೇ ಪುಟದಲ್ಲಿತ್ತು. ಮಾಸ್ಟರ್ ಓದಿದ್ದು ಶುಲ್ಕದ ಪುಟ ಒಂದೇ.

"ನಮಗೆ ನಮ್ಮ ವಿಷಯಾನೇ ಬರಬೋದು," ಎಂದ ಅವನು. ನಾಲ್ಕರಲ್ಲಿ ಒಂದು ಎಂದು ನಾನೂ ಲೆಕ್ಕ ಹಾಕಿದೆ.

ಮೊದಲು ಮಾಸ್ಟರ್ ಕೂತ. ಅವನಿಗೆ ಬಂದದ್ದು ಆಡಳಿತ. "ನಿಮ್ಮ ಕೆಲಸಗಾರರಲ್ಲಿ ಭಿನ್ನಾಭಿಪ್ರಾಯ ಬಂದರೆ ಹೇಗೆ ನಿಭಾಯಿಸುತ್ತೀರಿ?" ಎಂದು ಕೇಳಿದರಂತೆ. "ನಮ್ಮಲ್ಲಿ ಬರಲ್ಲ ಸಾರ್, ನಾನು ಬಿಡಲ್ಲ" ಎಂದನಂತೆ. ಅತ್ತಿಗೆಗೆ ಲೆಕ್ಕಶಾಸ್ತ್ರ ಬಂತು. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕಂಪ್ಯೂಟರನ್ನೇ ಮುಚ್ಚಿ ಕೆಳಗಿಳಿದು ಬಂದಳು. ನನಗೆ ಬಂದದ್ದು ಭಾಷೆ. ಕೂತೆ, ಅರ್ಧ ಗಂಟೆ ಬಾಯಿಗೆ ಬಂದದ್ದು ಹರಟಿದೆ, ಪರೀಕ್ಷಕರು ಭೇಷ್ ಎಂದರು. ಡಿಗ್ರಿ ಎಂದರೆ ನಗುತ್ತಿದ್ದ ನನಗೆ!

ಕೊನೆಗೆ ತಂಗಿ. ಅವಳಿಗೂ ಭಾಷೆಯೇ ಬಂತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಮುಚ್ಚಿದ ಬಾಗಿಲಿನಾಚೆಯಿಂದ ಪರೀಕ್ಷಕರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿಮ್ಮ ಮೊದಲ ಪ್ರಬಂಧ ತುಂಬಾ ಚೆನ್ನಾಗಿದೆ. ಆ ನದಿ ಬಗ್ಗೆ ಸ್ವಲ್ಪ ಹೇಳಿ. ಅಜ್ಜಿ ಏನೇನು ಮಾತಾಡ್ತಿದ್ರು?"

ತಂಗಿ, "ನೆನಪಾಗ್ತಿಲ್ಲ ಸಾರ್" ಎಂದಳು.

"ಹೋಗ್ಲಿ, ಗಾಬರಿ ಆಗ್ಬೇಡಿ. ಬಾಲ್ಯದ ಬಗ್ಗೆ ಈಗ್ಲೇ ಹತ್ತು ಸಾಲು ಬರೀರಿ. ಏನಾದ್ರೂ ಸರಿ. ಇಪ್ಪತ್ತು ನಿಮಿಷ ಇದೆ."

ನಾನು ಮೆಟ್ಟಿಲ ಮೇಲೆಯೇ ಒಳಗೊಳಗೆ ಕೂಗುತ್ತಿದ್ದೆ: ಮೆಷಿನ್ ಕೆಳಗೆ ಮಲಗುತ್ತಿದ್ದೆ ಅಂತ ಬರಿಯೇ, ಗಾಳಿ ಬರುತ್ತಿತ್ತು ಅಂತ ಬರಿಯೇ! ಒಳಗಿಂದ ಕೀಲಿಮಣೆಯ ಸದ್ದು ಎರಡು ಸಲ ಕೇಳಿಸಿತು, ಆಮೇಲೆ ಒಂದೇ ಕೀಲಿಯನ್ನು ಟಕಟಕ ಒತ್ತಿ ಅಳಿಸುವ ಸದ್ದು. ಮತ್ತೆ ಎರಡು ಸಲ, ಮತ್ತೆ ಅಳಿಸಿದ್ದು. ಇಪ್ಪತ್ತು ನಿಮಿಷವೂ ಅಷ್ಟೇ. ಅವಳಿಗೆ ಬರೆಯಲು ಬರುವುದಿಲ್ಲವೆಂದಲ್ಲ. ಬರೆದ ಪ್ರತಿ ಸಾಲನ್ನೂ ಅವಳ ಕಿವಿಯಲ್ಲಿ ನಾನು ಅಂದಿನಂತೆಯೇ ಗಟ್ಟಿಯಾಗಿ ಓದುತ್ತಿದ್ದೆ.

ಫಲಿತಾಂಶ ಬಂತು. ಎಂಟು ಡಿಗ್ರಿಯ ಮನೆಗೆ ಒಂದು ಡಿಗ್ರಿ, ಅದೂ ನನ್ನದು. ಉಳಿದ ಮೂವರು ಒಂದು ವರ್ಷ ಬಿಟ್ಟು ಮತ್ತೆ ಕೂರಬಹುದಂತೆ. ಮಾಸ್ಟರ್ ಕ್ಯಾಮೆರಾವನ್ನು ಬೈದ, ಕಾಲೇಜನ್ನು ಬೈದ, ಕೊನೆಗೆ, ಬರೀ ಹೆಸರಿಗೆ ದುಡ್ಡು ಎಂದು ಅವನೇ ಬಿಟ್ಟಿದ್ದ ಕಾಲೇಜೇ ಗಟ್ಟಿ ಎಂದು ತಾನು ಮೊದಲೇ ಹೇಳಿದ್ದೆ ಎಂದ.

ವಾರ ಕಳೆದ ಮೇಲೆ ತರಬೇತಿ ಶಾಲೆಯ ಮೇಡಂ ಬಂದರು. ಟೀಚರು ರಿಟೈರಾಗಿದ್ದರು, ಕಮಿಟಿ ಅವಸರ ಮಾಡುತ್ತಿತ್ತು. ನಾವು ವಿಷಯ ಹೇಳಿದೆವು. ಅವರು ತಂಗಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಡಿಗ್ರಿ ಇರೋದು ಇವರಿಗಾ? ಹಾಗಾದ್ರೆ ಇವರೇ ಬರ್ಲಿ. ನಾನೇನು ಮಾಡ್ಲಿ, ಕಾಗದ ಕೇಳ್ತಾರೆ."

"ನನಗೆ ತೋಳು ಬರಲ್ಲ ಮೇಡಂ," ಎಂದೆ.

"ಕಲ್ತರಾಯ್ತು," ಎಂದ ಮಾಸ್ಟರ್. ಬಾಗಿಲಿಗೆ ಬಂದದ್ದನ್ನು ಬಿಡುವ ಜಾಯಮಾನ ಅವನದಲ್ಲ. ಮೇಡಂ ಎರಡು ವಾರದ ಗಡುವು ಕೊಟ್ಟು ಹೋದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ತಂಗಿ ನನ್ನನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಹಳೆಯ ಬಟ್ಟೆಯಲ್ಲಿ ಒಂದು ಶರ್ಟಿನ ಮೈ, ಎರಡು ತೋಳು ಕತ್ತರಿಸಿಟ್ಟಿದ್ದಳು. ನಾನು ಕೂಡಿಸಿದೆ. ಒಂದು ಗಂಟೆ ಹಿಡಿಯಿತು. ಎತ್ತಿ ಹಿಡಿದು ನೋಡಿದರೆ ಎಡಗೈಯ ತೋಳು ಬಲಕ್ಕೆ ಬಂದಿತ್ತು, ಬಲಗೈಯದು ಹಿಂದುಮುಂದಾಗಿ ಬೆನ್ನ ಕಡೆ ತಿರುಗಿಕೊಂಡಿತ್ತು. ಹಾಕಿಕೊಂಡವನು ಬೆನ್ನ ಹಿಂದೆ ಕೈಕಟ್ಟಿಕೊಂಡೇ ತಿರುಗಬೇಕಿತ್ತು. ನನ್ನ ಜಾಗದಲ್ಲಿ ಬೇರೆ ಯಾರಾದರೂ ಹೀಗೆ ಹೊಲಿದಿದ್ದರೆ ಇಡೀ ಬೀದಿಯನ್ನು ಕರೆದು ತೋರಿಸುತ್ತಿದ್ದೆ.

ತಂಗಿ ಶರ್ಟನ್ನು ಕೈಗೆ ತೆಗೆದುಕೊಂಡಳು. ನಗಲಿಲ್ಲ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ದಾರವನ್ನು ಒಂದೊಂದಾಗಿ ಎಬ್ಬಿಸಿ, ಬಟ್ಟೆ ಹರಿಯದ ಹಾಗೆ ಎರಡೂ ತೋಳು ಬಿಡಿಸಿದಳು.

"ಈ ಗುರುತು ಮುಂದಕ್ಕೆ, ಈ ಎರಡು ಗುರುತು ಹಿಂದಕ್ಕೆ. ಮೊದಲು ಭುಜದ ಹತ್ರ ಪಿನ್ ಹಾಕು, ಆಮೇಲೆ ಕಂಕುಳು. ಬಟ್ಟೆ ಎಳೀಬೇಡ, ಅದೇ ಬರತ್ತೆ. ಎಲ್ಲರಿಗೂ ಮೊದಲ ಸಲ ಹೀಗೇ ಆಗೋದು."

ಅಷ್ಟು ಚೆನ್ನಾಗಿ ನನಗೆ ಜೀವನದಲ್ಲಿ ಯಾರೂ ಏನನ್ನೂ ಕಲಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಎಂಥ ನಾಚಿಕೆಯೆಂದರೆ ತಲೆ ಎತ್ತಲಾಗಲಿಲ್ಲ.

"ನಾನು ಹೋಗಲ್ಲ ಕಣೆ. ಆ ಕೆಲಸ ನಿಂದು."

"ಹೋಗು. ನೀನು ಹೋಗ್ದೇ ಇದ್ರೆ ಬೇರೆ ಯಾರನ್ನೋ ತಗೋತಾರೆ, ಅವರು ಮೂವತ್ತು ವರ್ಷ ಏಳಲ್ಲ. ನೀನು ಒಂದು ವರ್ಷ ಜಾಗ ಹಿಡ್ಕೊಂಡಿರು. ದಿನಾ ಬೆಳಿಗ್ಗೆ ಇಲ್ಲಿ ಕಲಿ, ಮಧ್ಯಾಹ್ನ ಅಲ್ಲಿ ಹೇಳ್ಕೊಡು. ಮುಂದಿನ ವರ್ಷ ನಾನು ಪರೀಕ್ಷೆಗೆ ಕೂರ್ತೀನಿ." ಬಿಚ್ಚಿದ ದಾರದ ಚೂರುಗಳನ್ನು ಕೊಡವುತ್ತಾ, "ಬರೆಯೋಕೆ ಶುರು ಮಾಡಿದೀನಿ. ದಿನಕ್ಕೆ ಒಂದು ಪುಟ," ಎಂದಳು.

ನನಗೆ ಜೀವ ಬಂದ ಹಾಗಾಯಿತು. "ಒಳ್ಳೇದಾಯ್ತು. ಬರೆದಿದ್ದು ನನಗೆ ತೋರಿಸ್ತೀಯಾ?"

ಅವಳು ಬಲತೋಳಿನ ಗುರುತನ್ನು ಮೈಯ ಗುರುತಿಗೆ ಸರಿಯಾಗಿ ಕೂರಿಸಿ ನನ್ನ ಕೈಗೆ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲಕ್ಕ," ಎಂದಳು.

ನಾನು ಪಿನ್ನಿನ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಭುಜದಿಂದ ಶುರುಮಾಡಿದೆ.